ತಪ್ಪಿದ ಒಂದು ಎಳೆ

"ಇಲ್ಲಿ ಯಾರಾದ್ರೂ ಕೂತಿದ್ದಾರಾ?"

ಆ ದನಿ ಕೇಳಿದ್ದೇ ತಡ, ಮಾರಮಾಳ ಕೈಯಲ್ಲಿದ್ದ ಚೀಸ್ ರೋಲ್ ತಟ್ಟೆಗೆ ಬಿತ್ತು.

ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಎಂಟು ತಿಂಗಳು ಕಳೆದರೂ ಆ ದನಿಯನ್ನು ಮರೆಯಲು ಅವಳಿಂದ ಆಗಿರಲಿಲ್ಲ... ಫರ್ಗಸ್!

ಇವನು ಇವತ್ತೇ ಬರಬೇಕಿತ್ತಾ? ಅದೂ ಇಲ್ಲಿಗೇ?

ಒಮಾರು ಬಂದರಿನ ಆ ಪಬ್ಬಿನಲ್ಲಿ ಹನ್ನೆರಡೂವರೆಗೇ ಕಾಲಿಡಲು ಜಾಗವಿರಲಿಲ್ಲ. ಅಮೆರಿಕದವರು ಭಾನುವಾರ ರಾತ್ರಿ ನೋಡುವ 'ಒಂಬತ್ತು ದೀಪಗಳು' ಧಾರಾವಾಹಿ ಇಲ್ಲಿ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ಅರ್ಧ ಊರಿಗೆ ಹಲ್ಲುನೋವು, ಉಳಿದರ್ಧಕ್ಕೆ ಬೆನ್ನುನೋವು. ಸುಳ್ಳು ಹೇಳಿ ರಜೆ ಪಡೆದವರೂ ಇಲ್ಲೇ ಇರುತ್ತಾರೆ, ಆ ರಜೆ ಕೊಟ್ಟ ಯಜಮಾನರೂ ಇಲ್ಲೇ ಇರುತ್ತಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಜೂನ್ ತಿಂಗಳ ಈ ಸೋಮವಾರವಂತೂ ಕೊನೆಯ ಕಂತು!

ಖಾಲಿ ಇದ್ದದ್ದು ಒಂದೇ ಒಂದು ಸ್ಟೂಲು. ಅದರ ಮೇಲೆ ಮಾರಮಾಳ ಅಜ್ಜಿ ರಿಪೆಕಾಳ ಕೈಚೀಲವಿತ್ತು. ಊರಿಗೆಲ್ಲ 'ನ್ಯಾನ್' ಆಗಿದ್ದ ಆ ಅಜ್ಜಿ, ಮೊಮ್ಮಗಳ ಕಡೆ ನೋಡದೆಯೇ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಕೂತ್ಕೋ ಮಗಾ. ಸೊರಗಿದ್ದೀಯಲ್ಲೋ."

"ನ್ಯಾನ್!" ಮಾರಮಾ ಹಲ್ಲು ಕಚ್ಚಿದಳು. ಆಮೇಲೆ ಟಿವಿಯ ಕಡೆಗೇ ಮುಖ ಮಾಡಿ, "ಕೂರೋದು ಬಿಡೋದು ನಿಮ್ಮಿಷ್ಟ" ಎಂದಳು.

"ನಿಮ್ಮಿಷ್ಟ? ನನ್ನನ್ನ ನೀವು ಅನ್ನೋಷ್ಟು ದೂರ ಮಾಡ್ಬಿಟ್ಯಾ ಮಾರಮಾ?"

"ವೆಲ್ಲಿಂಗ್ಟನ್ ದೂರಾನೇ ಅಲ್ವಾ?"

ಅವನು ಗೋಡೆಯ ಗಡಿಯಾರವನ್ನು ನೋಡಿ ತಗ್ಗಿದ ದನಿಯಲ್ಲಿ ಹೇಳಿದ. "ನಿನ್ನ ಹತ್ರ ತುಂಬಾ ಮಾತಾಡೋದಿದೆ. ಆದ್ರೆ ಈಗಲ್ಲ... ಎರಡು ಗಂಟೆ ಆಗ್ಲಿ."

"ಎರಡೂಮುಕ್ಕಾಲಿಗೆ ನಾನು ಸ್ಕೂಲ್ ಬಸ್ ತಗೊಂಡು ಹೋಗ್ಬೇಕು. ನೀವು ಗಳಿಗೆ ನೋಡ್ಕೊಂಡು ಕೂತಿರಿ, ನನಗೆ ಪುರುಸೊತ್ತಿಲ್ಲ."

ಹೇಳಿದ್ದೇನೋ ಹೇಳಿದಳು. ಕಣ್ಣು ಮಾತ್ರ ಮತ್ತೆ ಮತ್ತೆ ಪಕ್ಕದ ಸ್ಟೂಲಿನ ಕಡೆಗೇ ಜಾರುತ್ತಿತ್ತು.

ಪಬ್ಬಿನ ಯಜಮಾನ ಮರ್ಡೊ ದೊಡ್ಡ ಬ್ರೆಡ್ ಡಬ್ಬ ಹಿಡಿದು ಬಂದ. "ಫೋನ್ ಇದ್ರೊಳಗೆ ಹಾಕ್ರಪ್ಪಾ, ಫೋನ್ ಹಾಕಿ! ಕಂತು ಮುಗಿಯೋವರೆಗೂ ಹೊರಗಿನ ಪ್ರಪಂಚ ಸತ್ತಿದೆ ಅಂದ್ಕೊಳ್ಳಿ." ಮಾರಮಾಳ ಮುಂದೆ ಬಂದವನು ಹಲ್ಲು ಕಿರಿದ. "ಅಂದ ಹಾಗೆ ಸತ್ತವಳು ಅಂದ್ರೆ ನಮ್ಮ ಮೆಲ್ಡ್ರಾ! ಬಾಜಿ ನೆನಪಿದೆ ತಾನೆ?"

"ನಿನಗೆ ನೆನಪಿದ್ರೆ ಸಾಕು ಮರ್ಡೊ. ಗಂಟೆ ಬಾರಿಸೋ ಕೈಗೆ ಎಣ್ಣೆ ಹಚ್ಕೊಂಡಿರು."

ಎಲ್ಲರೂ ಹೋ ಎಂದು ನಕ್ಕರು.

ಬಾಜಿ ಎರಡು ವರ್ಷ ಹಳೆಯದು. ಧಾರಾವಾಹಿಯಲ್ಲಿ ದೋಣಿ ನಡೆಸುವ ಮೂಕಿ ಮೆಲ್ಡ್ರಾ, ಒಂಬತ್ತನೆಯ ದೀಪವನ್ನು ಶತ್ರುಗಳ ಕೈಗೆ ಕೊಡಲಾರದೆ ಎದೆಗವಚಿಕೊಂಡು ಕಡಲಿಗೆ ಹಾರಿದ್ದಳು. ಅಂದು ಪಬ್ಬಿಗೆ ಪಬ್ಬೇ ಕಣ್ಣೀರಿಟ್ಟಿತ್ತು. ಮಾರಮಾ ಒಬ್ಬಳು ಮಾತ್ರ ಎದ್ದು ನಿಂತು, "ಹೆಣ ಸಿಕ್ತಾ? ಇಲ್ವಲ್ಲ! ಹಾಗಾದ್ರೆ ಅವಳು ಸತ್ತಿಲ್ಲ!" ಎಂದಿದ್ದಳು.

ಅವತ್ತಿನಿಂದ ಅವಳು ಊರಿಗೇ ತಮಾಷೆಯಾದಳು. ಬಸ್ಸಿನ ಮಕ್ಕಳೂ ಇಳಿಯುವಾಗ "ಮೆಲ್ಡ್ರಾ ಬಂದ್ಳಾ ಮಿಸ್?" ಎಂದು ಕಿಸಕ್ಕನೆ ನಗುತ್ತಿದ್ದರು. ಧಾರಾವಾಹಿ ಮುಗಿಯುವುದರೊಳಗೆ ಮೆಲ್ಡ್ರಾ ಬರದಿದ್ದರೆ ಮಾರಮಾ ಎಲ್ಲರೆದುರು ಹಡಗಿನ ಹಳೇ ಗಂಟೆ ಬಾರಿಸಿ 'ನಾನು ತಪ್ಪು' ಎನ್ನಬೇಕು. ಬಂದರೆ ಮರ್ಡೊ ಎನ್ನಬೇಕು. ಇದೇ ಬಾಜಿ.

ಎರಡು ವರ್ಷದ ಹಿಂದಿನ ಆ ದಿನ, ನಗುವವರ ನಡುವೆ ಒಬ್ಬ ಮಾತ್ರ ನಕ್ಕಿರಲಿಲ್ಲ. ಚರ್ಮದ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ, "ನನಗೂ ಹಾಗೇ ಅನ್ನಿಸುತ್ತೆ ರೀ. ಅವಳು ಸತ್ತಿಲ್ಲ" ಎಂದಿದ್ದ. ಕುದುರೆ ಜೀನು ಹೊಲಿಯುವ ಫರ್ಗಸ್ ಪರಿಚಯವಾದದ್ದು ಹಾಗೆ. ಆಮೇಲೆ ಸೋಮವಾರ ಬಂತೆಂದರೆ ಪಕ್ಕಪಕ್ಕದ ಎರಡು ಸ್ಟೂಲು ಅವರಿಬ್ಬರವು. ತಾನು ಹೇಳಿದ್ದನ್ನು ನಂಬುವವನು ಒಬ್ಬನಿದ್ದಾನೆ ಎಂಬುದು ಎಷ್ಟು ದೊಡ್ಡ ಸುಖ ಎಂದು ಮಾರಮಾಳಿಗೆ ಆಗಲೇ ಗೊತ್ತಾದದ್ದು.

ಮುಂದೆ ಅವನು ಶನಿವಾರಗಳಂದು ನ್ಯಾನ್‌ಳ ಗ್ಯಾರೇಜಿಗೂ ಬರತೊಡಗಿದ. ಅಲ್ಲಿ ಅಜ್ಜಿ ಮೊಮ್ಮಗಳು ಸೇರಿ ಹರಕೆಕೆ ಎಂಬ ನಾರುಗಿಡದ ಉದ್ದನೆಯ ಎಲೆ ಸೀಳಿ ಹೆಣೆಯುವುದನ್ನು ಕಲಿಸುತ್ತಿದ್ದರು. ಜೀನು ಹೊಲಿಯುವ ಕೈ ಎಲೆ ಹಿಡಿದರೆ ಮಾತ್ರ ತಡವರಿಸುತ್ತಿತ್ತು. ಹಾಗೂ ಹೀಗೂ ಬೆರಳಗಲದ ಒಂದು ಕೈಪಟ್ಟಿ ಮುಗಿಸಿದ.

"ನಾಲ್ಕನೇ ಎಳೆ ನೋಡು. ಒಳಗೆ ಹೋಗ್ಬೇಕಾದ್ದು ಹೊರಗೆ ಬಂದಿದೆ. ಬಿಚ್ಚಿ ಮತ್ತೆ ಹೆಣಿ" ಎಂದಿದ್ದಳು ನ್ಯಾನ್.

"ಇರ್ಲಿ ಬಿಡಿ ನ್ಯಾನ್. ಥೇಟ್ ನನ್ನ ಹಾಗೇ ಇದೆ."

"ಸರಿ, ಆದ್ರೆ ಮೊದಲು ಹೆಣೆದದ್ದನ್ನ ಇಟ್ಕೊಳ್ಳೋ ಹಾಗಿಲ್ಲ. ನಮ್ಮ ಹಿರಿಯರಿಂದ ಬಂದ ಪದ್ಧತಿ. ಮನಸಾರೆ ಯಾರಿಗಾದ್ರೂ ಕೊಡ್ಬೇಕು. ಎರಡನೇದು ಮಾತ್ರ ನಿನ್ನದೇ."

ಫರ್ಗಸ್ ಓರೆಗಣ್ಣಿನಲ್ಲಿ ಮಾರಮಾಳನ್ನು ನೋಡಿದ್ದ. ಅವನ ಕಿವಿ ಕೆಂಪಾಗಿತ್ತು. ಅವಳು ಅವತ್ತೇ ಕೈಗಡಿಯಾರ ಬಿಚ್ಚಿಟ್ಟು, ಬರಿಗೈಯಲ್ಲಿ ಕಾದಳು.

ಪಟ್ಟಿ ಬರಲಿಲ್ಲ! ಅವನು ಜೀನು ಹೊಲಿಯುವ ಕೆಲಸವೆಂದು ವೆಲ್ಲಿಂಗ್ಟನ್ನಿಗೆ ಹೊರಟುಹೋದ. ಮೂರು ತಿಂಗಳ ನಂತರ ಎರಡು ದಿನಕ್ಕೆಂದು ಊರಿಗೆ ಬಂದಾಗ ಅವಳೇ ನಾಚಿಕೆ ಬಿಟ್ಟು ಕೇಳಿದಳು.

"ಆ ಪಟ್ಟಿ ಏನಾಯ್ತು?"

"ಕೊಟ್ಬಿಟ್ಟೆ... ಒಬ್ಬಳಿಗೆ."

"ಯಾರಿಗೆ?"

"ಹೇಳೋ ಹಾಗಿಲ್ಲ ಮಾರಮಾ."

ಅದೇ ಸಂಜೆ ಈ ಪಬ್ಬಿನಲ್ಲಿ ಮರ್ಡೊ ಮೆಲ್ಡ್ರಾಳ ವಿಷಯ ತೆಗೆದು ಕಾಡಿಸಿದ. ಮಾರಮಾ ಎಂದಿನಂತೆ ಫರ್ಗಸ್ ಕಡೆ ತಿರುಗಿದಳು. "ನೀನಾದ್ರೂ ಹೇಳೋ! ಬದುಕಿದ್ದಾಳೆ ತಾನೆ?" ಅವನು ನೆಲ ನೋಡಿದ. "ಆ ಮಾತು ಬಿಡು" ಎಂದವನೇ ಎದ್ದು ಹೊರಟೇಹೋದ.

ಒಂದೇ ದಿನದಲ್ಲಿ ಎರಡು ಪೆಟ್ಟು. ಆಮೇಲೆ ಅವನಿಂದ 'ಜೂನ್‌ವರೆಗೆ ಕಾಯ್ತೀಯಾ?' ಎಂಬ ಸಂದೇಶ ಬಂತು. ಅವಳು ಉತ್ತರಿಸಲಿಲ್ಲ. ಅಲ್ಲೊಬ್ಬಳು, ಇಲ್ಲೊಬ್ಬಳು... ಕಾಯುವುದಕ್ಕೆ ನಾನೇನು ಅಷ್ಟು ಅಗ್ಗವಾ?

ಒಂದು ಗಂಟೆ ಹೊಡೆಯಿತು. ಪಬ್ಬಿನ ದೀಪಗಳು ಆರಿದವು.

ಪರದೆಯ ಮೇಲೂ ದೀಪಗಳು ಒಂದೊಂದಾಗಿ ಆರುತ್ತಾ ಬಂದವು. ಐದನೆಯದು ಹೋದಾಗ ಯಾರೋ ಬಿಕ್ಕಿದರು. ಏಳನೆಯದು ಹೋದಾಗ ಹಿಂದಿನ ಮೇಜಿನವನು ಬರೆಯಲಾಗದ ಬೈಗುಳ ಬೈದ. ಎಂಟನೆಯ ದೀಪವೂ ಆರಿತು. ರಾಜ್ಯವೆಲ್ಲ ಕತ್ತಲು.

ಗಡಿಯಾರದಲ್ಲಿ ಒಂದು ಐವತ್ತೆರಡು. ಫರ್ಗಸ್ ಮತ್ತೆ ಅದನ್ನೇ ನೋಡಿದ. 'ಹೊರಡೋಕೆ ಎಷ್ಟು ಅವಸರ ನೋಡು' ಎಂದುಕೊಂಡಳು ಮಾರಮಾ. ಕಣ್ಣು ಉರಿಯುತ್ತಿತ್ತು.

"ಏಳಮ್ಮಾ ಮಾರಮಾ," ಮರ್ಡೊ ಕತ್ತಲಲ್ಲೇ ಪಿಸುಗುಟ್ಟಿದ, "ಗಂಟೆ ಕಾಯ್ತಿದೆ."

ಎರಡು ವರ್ಷ ಜಗ್ಗದೆ ನಿಂತವಳು ಮೊದಲ ಸಲ ಕುಗ್ಗಿದಳು. ನಾನು ನಂಬಿದ್ದೆಲ್ಲ ಸುಳ್ಳೇ ಆಯಿತಲ್ಲ... ಮೆಲ್ಡ್ರಾ ವಿಷಯದಲ್ಲೂ, ಇವನ ವಿಷಯದಲ್ಲೂ! ಗಂಟೆ ಬಾರಿಸಲೆಂದು ಅವಳು ಸ್ಟೂಲಿನಿಂದ ಇಳಿಯಬೇಕು, ಅಷ್ಟರಲ್ಲಿ...

ಪರದೆಯ ಕಪ್ಪು ನೀರಿನಿಂದ ಒಂದು ಕೈ ಮೇಲೆ ಬಂತು! ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿಯಿತು.

ಆ ಕೈಗೆ ಒಂದು ಹೆಣೆದ ಪಟ್ಟಿ.

ಆಗ ಎದ್ದಿತು ನೋಡಿ ಒಂದು ದನಿ.

"ನಿಲ್ಸು! ಮರ್ಡೊ, ನಿಲ್ಸೋ ಅದನ್ನ!"

ನ್ಯಾನ್!

"ನಿಲ್ಸಬೇಡ ಮರ್ಡೊ! ಕೊಂದ್ಬಿಡ್ತೀವಿ!" ಇಡೀ ಪಬ್ಬು ಕಿರುಚಿತು. ಆದರೆ ಎಪ್ಪತ್ತೊಂಬತ್ತರ ನ್ಯಾನ್ ಕೋಲೂರಿಕೊಂಡು ಹೊರಟರೆ ಆ ಊರಿನಲ್ಲಿ ತಡೆಯುವವರಿಲ್ಲ. ಮರ್ಡೊ ಬೆಪ್ಪಾಗಿ ಗುಂಡಿ ಒತ್ತಿದ. ಚಿತ್ರ ನಿಂತಿತು.

ಅಜ್ಜಿ ಪರದೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಕೋಲಿನ ತುದಿಯಿಂದ ತೋರಿಸಿದಳು.

"ನಾಲ್ಕನೇ ಎಳೆ! ಒಳಗೆ ಹೋಗ್ಬೇಕಾದ್ದು ಹೊರಗೆ ಬಂದಿದೆ. ಬಿಚ್ಚು ಅಂತ ಬಡ್ಕೊಂಡೆ, ಕೇಳಿದ್ನಾ? ಈ ತಪ್ಪು ಮಾಡೋ ದಡ್ಡ ಭೂಮಿ ಮೇಲೆ ಒಬ್ಬನೇ ಇರೋದು!"

ತಲೆಗಳೆಲ್ಲ ಒಟ್ಟಿಗೆ ಫರ್ಗಸ್ ಕಡೆ ತಿರುಗಿದವು.

ಅವನು ಗಡಿಯಾರ ನೋಡಿದ. ಹಣೆಯ ಬೆವರು ಒರೆಸಿಕೊಂಡ. "ಇನ್ನೂ ಏಳು ನಿಮಿಷ ಇದೆ ನ್ಯಾನ್... ಕಂತು ಮುಗಿಯೋವರೆಗೆ ನನ್ನ ಬಾಯಿಗೆ ಬೀಗ. ದಯವಿಟ್ಟು ಕೂತ್ಕೊಳ್ಳಿ."

ಮಾರಮಾಳಿಗೆ ಒಂದೇ ಸಲಕ್ಕೆ ಎಲ್ಲವೂ ಹೊಳೆಯಿತು. ವೆಲ್ಲಿಂಗ್ಟನ್ನಿನ ಕೆಲಸ. ಜೂನ್‌ವರೆಗೆ ಕಾಯುವುದು. ಎರಡು ಗಂಟೆ. 'ಒಬ್ಬಳಿಗೆ' ಕೊಟ್ಟ ಪಟ್ಟಿ. ಆ ಒಬ್ಬಳು...

ಅಯ್ಯೋ ದೇವರೇ!

ಚಿತ್ರ ಮತ್ತೆ ಓಡಿತು. ನೀರಿನಿಂದ ತಲೆ ಬಂತು, ಹೆಗಲು ಬಂತು. ಮೆಲ್ಡ್ರಾ ದೋಣಿಯಲ್ಲಿ ಎದ್ದು ನಿಂತು, ತಪ್ಪು ಎಳೆಯ ಪಟ್ಟಿ ಕಟ್ಟಿದ ಆ ಕೈಯನ್ನು ಎತ್ತಿ ಹಿಡಿದಳು. ಕೈಯಲ್ಲಿ ಒಂಬತ್ತನೆಯ ದೀಪ ಉರಿಯುತ್ತಿತ್ತು! ಅದನ್ನು ಕಂಡು ದಡದ ಎಂಟು ದೀಪಗಳೂ ಒಂದೊಂದಾಗಿ ಹೊತ್ತಿಕೊಂಡವು.

ಮುಂದಿನದನ್ನು ಹೇಗೆ ಹೇಳುವುದು! ಜನ ಮೇಜು ಬಡಿದರು, ಟೊಪ್ಪಿ ಎಸೆದರು, ಪರಿಚಯವಿಲ್ಲದವರನ್ನೂ ತಬ್ಬಿ ಅತ್ತರು. ಬಂದರಿನ ಕಡಲಕಾಗೆಗಳು ಹೆದರಿ ಹಾರಿದವಂತೆ. ಯಾರೋ ಇಬ್ಬರು ಮಾರಮಾಳನ್ನು ಎತ್ತಿ ಸ್ಟೂಲಿನ ಮೇಲೆ ನಿಲ್ಲಿಸಿದರು. ಮರ್ಡೊ ಗಂಟೆಯ ಹಗ್ಗ ಹಿಡಿದು ಢಣಢಣ ಬಾರಿಸಿದ. ಅವನ ಕೆನ್ನೆಯೂ ಒದ್ದೆಯಾಗಿತ್ತು.

"ನಾನು ತಪ್ಪು! ನಾವೆಲ್ಲಾ ತಪ್ಪು! ಮಾರಮಾ ಸರಿ!"

"ಮಾರಮಾ ಸರಿ! ಮಾರಮಾ ಸರಿ!" ಪಬ್ಬು ಕೂಗಿತು.

ಎರಡು ವರ್ಷ ಕಾದ ಗೆಲುವು. ಸ್ಟೂಲಿನ ಮೇಲಿಂದ ಅವಳು ಎರಡೂ ಕೈ ಎತ್ತಿ ಗಂಟಲು ಹರಿಯುವ ಹಾಗೆ ಕಿರುಚಿದಳು. ಆದರೆ ಆ ಗದ್ದಲದಲ್ಲೂ ಅವಳ ಕಣ್ಣು ಹುಡುಕಿದ್ದು ಒಂದೇ ಮುಖವನ್ನು. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾ, ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ.

ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಹೊರಗೆ ಅವಳ ಸ್ಕೂಲ್ ಬಸ್ಸಿನ ಮೆಟ್ಟಿಲ ಮೇಲಿದ್ದರು. ಬಂದರಿನ ಗಾಳಿ ಕೊರೆಯುತ್ತಿತ್ತು.

"ಈಗ ಬಾಯಿ ಬಿಡು" ಎಂದಳು.

ಬಿಟ್ಟ. ಒಂದೇ ಉಸಿರಿಗೆ ಬಿಟ್ಟ.

"ವೆಲ್ಲಿಂಗ್ಟನ್ನಿನಲ್ಲಿ ಈ ಧಾರಾವಾಹಿ ತೆಗೀತಿದ್ರು, ಅದರ ಚರ್ಮದ ಕೆಲಸಕ್ಕೆ ಹೋಗಿದ್ದೆ ಮಾರಮಾ. ಯಾರಿಗೂ ಹೇಳಲ್ಲ ಅಂತ ಸಹಿ ಹಾಕಿಸ್ಕೊಂಡ್ರು. ಅಲ್ಲಿಗೆ ಹೋದ್ಮೇಲೆ ಗೊತ್ತಾಯ್ತು, ಮೆಲ್ಡ್ರಾ ವಾಪಸ್ ಬರ್ತಾಳೆ! ನೀನು ಸರಿ! ಕುಣಿದಾಡೋಷ್ಟು ಖುಷಿ... ಹೇಳ್ಬೇಕು ಅನ್ನಿಸಿದ್ದು ನಿನಗೊಬ್ಬಳಿಗೇ. ನಿನಗೇ ಹೇಳೋ ಹಾಗಿಲ್ಲ!"

"ಪಟ್ಟಿ?"

"ಅವಳ ಕೈಗೆ ಅಂತ ಹತ್ತು ಪಟ್ಟಿ ಮಾಡಿದ್ರು. ನಿರ್ದೇಶಕಿ ಎಲ್ಲಾ ಬೇಡ ಅಂದ್ಳು. 'ಇವು ಪಳಗಿದ ಕೈಯವು. ಒಬ್ಬಳೇ ಬದುಕಿದವಳು ತಪ್ಪು ತಪ್ಪಾಗಿ ಹೆಣ್ಕೊಂಡಿದ್ದು ಬೇಕು' ಅಂದ್ಳು. ನಿನಗೆ ಅಂತ ಇಟ್ಕೊಂಡಿದ್ದು ನನ್ನ ಜೇಬಲ್ಲಿತ್ತು. ಕೊಡೋ ಧೈರ್ಯ ಇಲ್ದೆ ಹೊತ್ಕೊಂಡು ತಿರುಗ್ತಿದ್ದೆ. ಆಗ ಅನ್ನಿಸ್ತು, ನಿನ್ನ ಮೆಲ್ಡ್ರಾ ಕೈಗೇ ಕಟ್ಟಿದ್ರೆ ಒಂದಲ್ಲ ಒಂದು ದಿನ ನೀನೇ ನೋಡ್ತೀಯ..."

"ಅವತ್ತು ಎಲ್ಲರ ಮುಂದೆ ನೆಲ ನೋಡಿದೆಯಲ್ಲ, ಅದು?"

"ಹೂಂ ಅಂದ್ರೆ ಕೊಟ್ಟ ಮಾತು ತಪ್ಪುತ್ತೆ, ನನ್ನ ಜೊತೆ ಇನ್ನೂ ಹನ್ನೆರಡು ಜನರ ಕೆಲಸ ಹೋಗುತ್ತೆ. ಇಲ್ಲ ಅಂದ್ರೆ ನಿನಗೆ ಸುಳ್ಳು ಹೇಳಿದ ಹಾಗೆ. ಅದಕ್ಕೇ ಓಡಿದೆ."

ಮಾರಮಾ ಅವನ ಕಡೆ ತಿರುಗಿದಳು. "ಊರೆಲ್ಲ ನಕ್ಕಾಗ ನನಗೆ ಅಳು ಬರ್ಲಿಲ್ಲ ಫರ್ಗಸ್. ನೀನು ಸುಮ್ಮನಾದೆ ನೋಡು, ಆಗ ಬಂತು. ಮೆಲ್ಡ್ರಾ ಮುಳುಗಿದ್ರೂ ಪರವಾಗಿಲ್ಲ, ನೀನು ನಂಬಿದ್ರೆ ಸಾಕಿತ್ತು ನನಗೆ. ಅಷ್ಟು ಇಷ್ಟ ಇತ್ತು ನಿನ್ನ ಮೇಲೆ..."

"ನೀನು ಅಂದೆ!" ಅವನ ಮುಖ ಅರಳಿತು. "ಮತ್ತೆ ನೀನು ಅಂದೆ! ಇತ್ತು ಅಂದ್ಯಾ? ಈಗ ಇಲ್ವಾ?"

ಕೇಳುತ್ತಲೇ ಅವನು ಜೇಬಿನಿಂದ ಬೆರಳಗಲದ ಇನ್ನೊಂದು ಪಟ್ಟಿ ತೆಗೆದ.

"ಇದು ಎರಡನೇದು. ಎಂಟು ತಿಂಗಳು ಬಿಚ್ಚಿ ಬಿಚ್ಚಿ ಹೆಣೆದಿದ್ದೀನಿ. ಒಂದು ಎಳೆನೂ ತಪ್ಪಿಲ್ಲ. ಇದು ನಿನಗೆ ಮಾರಮಾ. ನೀನಂದ್ರೆ ನನಗೆ ಪ್ರಾಣ ಕಣೇ."

ಪಬ್ಬಿನ ಬಾಗಿಲಲ್ಲಿ ಕೋಲಿನ ಸದ್ದಾಯಿತು. "ಮೊದಲನೇದು ಕೊಡ್ಬೇಕಿತ್ತು, ಕೊಟ್ಟಿದ್ದಾನೆ. ಪದ್ಧತಿ ಪ್ರಕಾರ ಹುಡುಗನ ತಪ್ಪಿಲ್ಲ!" ಎಂದು ನ್ಯಾನ್ ತೀರ್ಪು ಕೊಟ್ಟು ಒಳಗೆ ಹೋದಳು.

ಮಾರಮಾ ಆ ಪಟ್ಟಿಯನ್ನು ತೆಗೆದುಕೊಂಡಳು. ನಾಲ್ಕನೆಯ ಎಳೆಯ ಮೇಲೆ ಬೆರಳಾಡಿಸಿ ನೋಡಿದಳು. ಆಮೇಲೆ ಅವನ ಕೈಯನ್ನೇ ಎಳೆದುಕೊಂಡು, ಅವನ ಮಣಿಕಟ್ಟಿಗೇ ಕಟ್ಟಿದಳು.

"ಏಯ್, ಇದೇನೇ? ನಿನಗೆ ಅಂತ ಕೊಟ್ಟಿದ್ದು!"

"ಎರಡನೇದು ನಿನ್ನದೇ ಅಂತ ನ್ಯಾನ್ ಹೇಳಿಲ್ವಾ? ಪದ್ಧತಿ ಅಂದ್ರೆ ಪದ್ಧತಿ. ನೀನೇ ಇಟ್ಕೋ."

"ಮತ್ತೆ ನಿನಗೇನೇ?"

ಅವಳು ಗಂಟು ಬಿಗಿದಳು. ಕೈ ಮಾತ್ರ ಬಿಡಲಿಲ್ಲ.

"ಇದನ್ನ ಕಟ್ಟಿರೋ ಕೈ ಇದೆಯಲ್ಲ... ಅದು ನನಗೆ."