ವ್ಯಾಲೆರಿಯ ಕಿವಿಯಲ್ಲಿ ಬ್ರೂನೋ

"ವ್ಯಾಲೆರಿ, ಮೂರನೇ ಹಂತ!"

ಕಿವಿಯೊಳಗೆ ಗಂಡಸಿನ ದನಿ. ಓಲ್ಫಾ ಬೆಚ್ಚಿ ತಿರುಗಿ ನೋಡಿದಳು. ಹಿಂದೆ ಯಾರೂ ಇಲ್ಲ. ಸಾಲು ಸಾಲು ಮೇಜು, ಸಾಲು ಸಾಲು ಹೆಡ್‌ಫೋನು, ಒಂದೇ ಮಾತನ್ನು ಫ್ರೆಂಚಿನಲ್ಲಿ ಒಪ್ಪಿಸುತ್ತಿರುವ ಹುಡುಗಿಯರು.

ಮಹಡಿಯ ಮೇಲೆ ಕೂತು ಇವರ ಕರೆಗಳನ್ನು ಕದ್ದು ಕೇಳುವುದಕ್ಕೂ ಸಂಬಳ ಕೊಡುತ್ತಾರೆ. ಹಾಗೆ ಕೇಳುವವರು ಬೇಕೆಂದಾಗ ಹುಡುಗಿಯರ ಕಿವಿಯಲ್ಲಿ ಮಾತಾಡಬಹುದು. ಅದು ಗ್ರಾಹಕರಿಗೆ ಕೇಳಿಸುವುದಿಲ್ಲ. ಇವತ್ತಿನ ತನಕ ಓಲ್ಫಾಳ ಕಿವಿಗೆ ಯಾರೂ ಬಂದಿರಲಿಲ್ಲ.

"ನಾನು ಬ್ರೂನೋ. ಹೊಸಬ. ಮೂರನೇ ಹಂತ ಹೇಳಿ," ಎಂದಿತು ದನಿ.

ಇದು ಟ್ಯುನಿಸ್ಸಿನ ಶರ್ಗಿಯಾ ಬಡಾವಣೆಯ ಒಂದು ಕಾಲ್ ಸೆಂಟರ್. ಫ್ರಾನ್ಸಿನ ಮನೆಗಳಲ್ಲಿ ನೇರಪ್ರಸಾರ ನಿಂತರೆ ಫೋನು ಇಲ್ಲಿ ಹೊಡೆದುಕೊಳ್ಳುತ್ತದೆ. ಆದರೆ ಫೋನು ಎತ್ತುವವರು ತಾವು ಇಲ್ಲಿದ್ದೇವೆಂದು ಹೇಳುವಂತಿಲ್ಲ. ಕೆಲಸಕ್ಕೆ ಸೇರಿದ ದಿನವೇ ಒಂದು ಫ್ರೆಂಚ್ ಹೆಸರು ಕೊಡುತ್ತಾರೆ. ವ್ಯಾಲೆರಿ ಎಂಬ ಹೆಸರು ಓಲ್ಫಾಳಿಗೆ ಬಂದದ್ದು, ಅದೇ ಕುರ್ಚಿಯಲ್ಲಿದ್ದವಳು ಮದುವೆಯಾಗಿ ಗಾಬೆಸ್‌ಗೆ ಹೋದಾಗ. ಕುರ್ಚಿಯ ಜೊತೆ ಹೆಸರು, ಹೆಸರಿನ ಜೊತೆ ಹಳಬಳ ಲಿಪ್‌ಸ್ಟಿಕ್ ಹತ್ತಿದ ಮೈಕು. ಅವಳು ಮೈಕನ್ನು ಒರೆಸಿಕೊಂಡಳು. ಹೆಸರನ್ನು ಒರೆಸುವ ಹಾಗಿರಲಿಲ್ಲ.

ಫೋನಿನ ಆಚೆ ಬದಿಯಲ್ಲಿ ಮದಾಮ್ ವೆರ್ದಿಯೆ ಎಂಬ ಮುದುಕಿ ಏದುಸಿರು ಬಿಡುತ್ತಿದ್ದಳು.

"ಮಗು, ಟಿವಿ ಪೆಟ್ಟಿಗೆಯ ಪ್ಲಗ್ಗು ಮೇಜಿನ ಕೆಳಗಿದೆ. ನಿನಗಿಂತ ಮೊದಲು ಮಾತಾಡಿದವಳೂ ತೆಗೆದು ಹಾಕಿ ಅಂದಳು. ಅದಕ್ಕಿಂತ ಮೊದಲಿನ ಹುಡುಗನೂ ಅಂದ. ನನ್ನ ಸೊಂಟ... ಆಟ ಶುರುವಾಗಿಬಿಟ್ಟಿತೇ? ನನ್ನ ಮೊಮ್ಮಗಳು ಗೋಲಿನಲ್ಲಿ ನಿಂತಿದ್ದಾಳೆ."

ಹುಡುಗಿಯರ ಹ್ಯಾಂಡ್‌ಬಾಲ್ ಫೈನಲ್. ಅವಳ ಟಿವಿ ಪರದೆಯ ಮೇಲೆ ಬರಿಯ ಕಪ್ಪು, ನಡುವೆ ತಿರುಗುವ ಒಂದು ಚಕ್ರ.

ಮೊದಲನೇ ಹಂತ: ಇಂಟರ್‌ನೆಟ್ ನೋಡಿ. ಎರಡನೇ ಹಂತ: ಆ್ಯಪ್ ಮುಚ್ಚಿ ತೆರೆಯಿರಿ. ಮೂರನೇ ಹಂತ: ಪೆಟ್ಟಿಗೆಯ ಪ್ಲಗ್ಗು ಕಿತ್ತು, ಕಾದು, ಮತ್ತೆ ಹಾಕಿ.

ಆ ದೊಡ್ಡ ಹಾಲ್‌ನ ಪ್ರತಿ ಬಾಯಲ್ಲೂ ಅದೇ ಮೂರನೇ ಹಂತ! ಇಡೀ ಫ್ರಾನ್ಸಿನ ಪೆಟ್ಟಿಗೆಗಳು ಒಟ್ಟಿಗೆ ಕೆಟ್ಟವೇ? ಕೆಟ್ಟದ್ದು ಕಂಪನಿಯ ಸರ್ವರ್. ಅದು ಎಲ್ಲರಿಗೂ ಗೊತ್ತು. ಹೇಳಬಾರದೆನ್ನುವುದೂ ಎಲ್ಲರಿಗೂ ಗೊತ್ತು. ತಪ್ಪು ಕಂಪನಿಯದು ಎಂದರೆ ಹಣ ವಾಪಸು ಕೊಡಬೇಕಾಗುತ್ತದೆ. ಅದಕ್ಕಿಂತ ಮುದುಕಿಯರನ್ನು ಮೇಜಿನ ಕೆಳಗೆ ಕಳಿಸುವುದು ಅಗ್ಗ.

"ಹಲೋ? ಕೆಳಗೆ ಇಳಿಯಲೇ?" ಮದಾಮ್ ಕೇಳಿದಳು.

'ಒಂದು ಮಾತು. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಇವಳ ಸೊಂಟ...'

"ಇಳಿಯಬೇಡಿ ಮದಾಮ್!" ಎಂದಳು ಓಲ್ಫಾ. "ಕುರ್ಚಿಯಲ್ಲಿ ಕೂತುಕೊಳ್ಳಿ. ನಿಮ್ಮ ಪೆಟ್ಟಿಗೆ ಸರಿಯಾಗಿದೆ. ತಪ್ಪು ನಮ್ಮದು."

ಈಗ ಬೈಗುಳ ಬರುತ್ತದೆಂದು ಅವಳು ಕಣ್ಣು ಮುಚ್ಚಿದಳು. ಬಂದದ್ದು ಟ್ಯುನಿಸ್ಸಿನ ಬೀದಿಯ ಅರಬ್ಬಿ! ಕೆಲಸದ ಹೊತ್ತಿನಲ್ಲಿ ಆಡಲೇಬಾರದ ಭಾಷೆ.

"ಲೇ ಹುಡುಗಿ, ನಿಂಗೇನು ತಲೆ ಕೆಟ್ಟಿದ್ಯಾ? ...ಸರಿ, ಬಿಡು. ನಮ್ಮ ಕೋಣೇಲಿ ಡಿಶ್ ಇದೆ. ಆಟ ಬರ್ತಿದೆ. ನಾನ್ ನೋಡಿ ಹೇಳ್ತೀನಿ, ನೀನು ಅಜ್ಜಿಗೆ ಹೇಳು."

ಇಂಟರ್‌ನೆಟ್ಟಿನಲ್ಲಿ ಟಿವಿ ಮಾರುವವರು ತಮ್ಮ ಕೋಣೆಗೆ ಮಾತ್ರ ಡಿಶ್ ಹಾಕಿಸಿಕೊಂಡಿದ್ದರು. ಓಲ್ಫಾಳಿಗೆ ನಗು ಬಂತು.

"ಗೋಲಲ್ಲಿ ಒಂದು ಕಡ್ಡಿ ನಿಂತಿದೆ. ಅದೇನಾ ಮೊಮ್ಮಗಳು?"

"ನಿಮ್ಮ ಮೊಮ್ಮಗಳು ತೆಳ್ಳಗಿದ್ದಾಳೆಯೇ ಮದಾಮ್?"

"ಏನೂ ತಿನ್ನುವುದಿಲ್ಲ!" ಅಂದಳು ಮದಾಮ್.

"ಹೊಡೆದ್ರು... ಯಪ್ಪಾ! ಮೀನಂಗಡಿ ಬೆಕ್ಕಿನ ಥರ ಹಾರಿ ಹಿಡಿದ್ಲು!"

"ಬಹಳ ಚುರುಕಾಗಿ ತಡೆದಳು ಮದಾಮ್."

"ಬೆಕ್ಕು ಎಲ್ಲೋಯ್ತು? ನಾನು ಹೇಳಿದ್ ಹಾಗೇ ಹೇಳು!"

ಅವನು ನೋಡಿದ, ಅವಳು ನುಡಿದಳು, ಮುದುಕಿ ಕೇಳಿದಳು. ಮೂವರಿಗೂ ಒಂದೇ ಆಟ! ಕರೆ ಎಷ್ಟೋ ಹೊತ್ತು ನಡೆಯಿತು. ಕರೆಯ ಹೊತ್ತು ಅಳೆಯುವ ಮೇಜಿನ ಗಡಿಯಾರ ಕೆಂಪಾಗಿ ಮಿನುಗಿ ಮಿನುಗಿ ಸುಸ್ತಾಯಿತು. ಕೊನೆಯಲ್ಲಿ ಮೊಮ್ಮಗಳ ತಂಡ ಸೋತಿತು.

"ಸೋತರೇನು, ನೋಡಿದ ಹಾಗೇ ಆಯಿತು. ಧನ್ಯವಾದ ವ್ಯಾಲೆರಿ," ಎಂದಳು ಮದಾಮ್. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಕರೆ ಮುಗಿಯಿತು. ಕಿವಿಯಲ್ಲಿನ ದನಿ ಮಾತ್ರ ಹೋಗಲಿಲ್ಲ.

"ಏಯ್ ವ್ಯಾಲೆರಿ... ನಿನ್ನ ನಿಜವಾದ ಹೆಸ್ರೇನು?"

"ಕೆಳಗೆ ಇಳಿದು ಬಂದು ಕೇಳು," ಎಂದಳು ಓಲ್ಫಾ. ಅವಳ ಕಿವಿಗಳು ಬಿಸಿಯಾಗಿದ್ದವು. ಅದಕ್ಕೆ ಹೆಡ್‌ಫೋನೇ ಕಾರಣವೆಂದು ಅವಳು ತನಗೇ ಹೇಳಿಕೊಂಡಳು.

* * *

ಇಳಿದು ಬರುವುದು ಸುಲಭವಿರಲಿಲ್ಲ. ಕೇಳುವವರಿಗೆ ಬೇರೆ ಮೆಟ್ಟಿಲು, ಬೇರೆ ಬಾಗಿಲು, ಬೇರೆ ಊಟದ ಹೊತ್ತು. ಮಾತಾಡುವವರೂ ಕೇಳುವವರೂ ಮುಖ ನೋಡಿಕೊಂಡರೆ ನಾಳೆ ಒಂದಾಗಿಬಿಡುತ್ತಾರೆ. ಆ ಮಟ್ಟಿಗೆ ಕಂಪನಿ ಜಾಣ. ಮನುಷ್ಯರನ್ನು ಬೇರೆ ಬೇರೆ ಮೆಟ್ಟಿಲುಗಳಲ್ಲಿ ಹತ್ತಿಸಿ ಇಳಿಸುವುದಕ್ಕೆ ಆಡಳಿತ ಎಂದು ಹೆಸರು.

ಆದರೂ ಕರೆ ಕರೆಗಳ ನಡುವೆ ಬ್ರೂನೋ ಬರುತ್ತಿದ್ದ.

"ಇವತ್ತು ಗಂಟಲು ಕಟ್ಟಿದೆ. ಹರೀಸಾ ಖಾರ ಜಾಸ್ತಿ ತಿಂದ್ಯಾ?"

"ನೀನೇನು ನಮ್ಮಮ್ಮನಾ?"

"ನಿಮ್ಮಮ್ಮ ಆಗಿದ್ರೆ ಆ ಮಾರ್ಸೆಯ ಗಂಡಸು ನಿನ್ನನ್ನ ಬೈದಾಗ ಫೋನ್ ಕಿತ್ಕೊಂಡು ತಿರುಗಿ ಬೈತಿದ್ದೆ."

ಪಕ್ಕದ ಮೇಜಿನ ವಸೀಲಾ, ಕೆಲಸದಲ್ಲಿ ನತಾಲಿ, ಎಲ್ಲ ಗಮನಿಸುತ್ತಿದ್ದಳು. ಹಾಲಿನಲ್ಲಿ ಕಾರ್ಮಿಕ ಸಂಘದ ಚೀಟಿ ಹಂಚುವವಳು ಅವಳೇ.

"ತಂಗೀ, ಮೇಲಿನವರನ್ನ ನಂಬಬೇಡ. ಸಕ್ಕರೆ ಮಾತಾಡ್ತಾರೆ, ಸಂಜೆ ಹೋಗಿ ವರದಿ ಬರೀತಾರೆ."

"ಇವನು ಹಾಗಲ್ಲ ಅಕ್ಕಾ."

"ಮುಖ ನೋಡಿದ್ಯಾ?"

"...ಇಲ್ಲ."

"ಹೆಸರು?"

"ಬ್ರೂನೋ."

ವಸೀಲಾ ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿದಳು.

ಗುರುವಾರ ಕೆಲಸ ಬಿಟ್ಟ ಮೇಲೆ ಮೆಟ್ರೋ ನಿಲ್ದಾಣದ ಬಳಿ, ಅಮ್ ತಿಜಾನಿಯ ಫ್ರಿಕಾಸೆ ಗಾಡಿಯ ಹತ್ತಿರ ಎಂದು ಮಾತಾಯಿತು. ಓಲ್ಫಾ ಹಸಿರು ಅಂಗಿ ಹಾಕಿಕೊಂಡು ಹೋದಳು. ಕರಿದ ಬನ್ನು, ಮೀನು, ಮೊಟ್ಟೆ, ಖಾರ. ಅವನಿಗೊಂದು ತನಗೊಂದು ಕೊಂಡಳು. ಜನ ಬಂದರು, ಹೋದರು. ಬಂದ ಪ್ರತಿ ಗಂಡಸಿನ ಬಾಯಿಂದ ಆ ದನಿ ಹೊರಡುತ್ತದೇನೋ ಎಂದು ಕಾದಳು. "ಎರಡು ಕೊಡಿ", "ಖಾರ ಬೇಡ" ಎಂಬ ದನಿಗಳಲ್ಲಿ ಅವನದೊಂದಿರಲಿಲ್ಲ.

"ಬರೋನಾಗಿದ್ರೆ ಇಷ್ಟು ಹೊತ್ತಿಗೆ ಬರ್ತಿದ್ದ ಮಗಳೇ," ಎಂದ ಅಮ್ ತಿಜಾನಿ. "ಅವನ ಪಾಲಿಂದೂ ನೀನೇ ತಿನ್ನು."

ಅವಳು ತಿನ್ನಲಿಲ್ಲ.

* * *

ಮರುದಿನ ನಿರ್ದೇಶಕ ಸೀ ಬಶೀರ್ ಕರೆಸಿದ. ಅವನಿಗೆ ಮಾತ್ರ ಕಂಪನಿಯಲ್ಲಿ ಅಪ್ಪ ಇಟ್ಟ ಹೆಸರೇ ಇತ್ತು.

"ತಪ್ಪು ನಮ್ಮದು ಅಂದ್ಯಂತೆ? ಬ್ರೂನೋ ಎಲ್ಲ ಹೇಳಿದ್ದಾನೆ. ಆ ಮುದುಕಿ ಹಣ ವಾಪಸ್ ಕೇಳ್ತಿದ್ದಾಳೆ, ಅಕ್ಕಪಕ್ಕದವರನ್ನೂ ಎಬ್ಬಿಸಿದ್ದಾಳೆ. 'ನಮ್ಮ ಸರ್ವರ್ ಚೆನ್ನಾಗಿತ್ತು, ನಾನೇ ಗೊತ್ತಿಲ್ಲದೆ ಸುಳ್ಳು ಹೇಳಿದೆ' ಅಂತ ಒಂದು ಸಹಿ ಹಾಕು. ಶನಿವಾರ ಸಂಜೆಯೊಳಗೆ. ಇಲ್ಲಾಂದ್ರೆ ಆ ಕುರ್ಚಿಗೆ ಬೇರೆ ವ್ಯಾಲೆರಿ ಸಿಕ್ತಾಳೆ."

ಓಲ್ಫಾಳಿಗೆ ಕುರ್ಚಿಯ ಮಾತು ಕೇಳಿಸಲೇ ಇಲ್ಲ. ಕೇಳಿಸಿದ್ದು ಒಂದೇ: ಬ್ರೂನೋ ಎಲ್ಲ ಹೇಳಿದ್ದಾನೆ.

'ಬೆಕ್ಕಿನ ಹಾಗೆ ಹಾರಿದಳು ಅಂದವನು! ನನ್ನ ಗಂಟಲು ಕಟ್ಟಿದ್ದನ್ನು ಕಂಡುಕೊಂಡವನು!'

ಅಂದಿನಿಂದ ಕಿವಿಯಲ್ಲಿ ಮಾತಾಡುವ ವ್ಯವಸ್ಥೆಯನ್ನೇ ತೆಗೆದುಹಾಕಿದರು. ಬದಲಿಗೆ ಪರದೆಯ ಮೂಲೆಯಲ್ಲಿ ಅಕ್ಷರಗಳು ಬರತೊಡಗಿದವು.

ಬ್ರೂನೋ: ಹಂತ ಬಿಡಬೇಡಿ.

ಬ್ರೂನೋ: ಕರೆ ಉದ್ದವಾಯಿತು.

ಅವಳು ತಡೆಯಲಾರದೆ ಬರೆದಳು: "ನಿನ್ನ ಪಾಲಿನ ಫ್ರಿಕಾಸೆ ನಾಯಿಗೆ ಹಾಕಿದೆ."

ಬ್ರೂನೋ: ಕೆಲಸಕ್ಕೆ ಸಂಬಂಧಿಸದ ಸಂದೇಶ. ದಾಖಲಿಸಲಾಗಿದೆ.

ಓಲ್ಫಾ ಶೌಚಾಲಯಕ್ಕೆ ಹೋಗಿ ಅತ್ತು ಬಂದಳು. ಅದಕ್ಕೂ ಅನುಮತಿಯ ಗುಂಡಿ ಒತ್ತಬೇಕಿತ್ತು. ಒತ್ತಿದಳು.

"ಸಹಿ ಹಾಕ್ತೀಯಾ?" ವಸೀಲಾ ಕೇಳಿದಳು.

"ಗೊತ್ತಿಲ್ಲ ಅಕ್ಕಾ. ಸುಳ್ಳು ಹೇಳಿ ಸಂಬಳ ತಗೊಳ್ಳೋದು ದಿನಾ ಇದ್ದಿದ್ದೇ. ನಾನು ಹೇಳಿದ ಒಂದೇ ಒಂದು ನಿಜಾನೂ ಸುಳ್ಳು ಅಂತ ಬರ್ಕೊಡ್ಬೇಕಂತೆ ಈಗ."

* * *

ಶನಿವಾರ ಮಧ್ಯಾಹ್ನ ಪ್ರಸಾರ ಮತ್ತೆ ಬಿತ್ತು. ಕಪ್ಪು ಪರದೆ, ತಿರುಗುವ ಚಕ್ರ. ಕರೆಗಳು ನುಗ್ಗಿದವು. ಸೀ ಬಶೀರ್ ಕಾಗದ ಹಿಡಿದು ಮೇಜುಗಳ ನಡುವೆ ಓಡಾಡುತ್ತಿದ್ದ. ಓಲ್ಫಾಳ ಮೇಜಿನ ಮೇಲೆ ಕಾಗದವಿಟ್ಟ, ಪೆನ್ನನ್ನೂ ಇಟ್ಟ. ಅಷ್ಟು ಶಿಷ್ಟಾಚಾರ ಅವನಿಗಿತ್ತು.

ಆಗ ಎರಡನೇ ಹಾಲಿನಿಂದ ಒಂದು ಕರೆ ವರ್ಗವಾಗಿ ಬಂತು. ಗ್ರಾಹಕರನ್ನು ಸಂಗೀತ ಕೇಳಲು ಬಿಟ್ಟು ಅಲ್ಲಿನವರು ಮೊದಲು ಇಲ್ಲಿನವರೊಡನೆ ಮಾತಾಡುವುದು ಪದ್ಧತಿ.

"ನಮಸ್ಕಾರ, ಎರಡನೇ ಹಾಲಿನಿಂದ ಸೆದ್ರಿಕ್. ಮದಾಮ್ ವೆರ್ದಿಯೆ ಅವರಿದ್ದಾರೆ. ವ್ಯಾಲೆರಿ ಹೊರತು ಯಾರೂ ಬೇಡವಂತೆ. ವ್ಯಾಲೆರಿ ಎಂಬವರು... ನಿಮ್ಮ ಹಾಲಿನಲ್ಲಿ ಇನ್ನೂ ಇದ್ದಾರೆಯೇ?"

ಓಲ್ಫಾ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ದನಿ!

"ಬ್ರೂನೋ?"

ಆ ಕಡೆ ಏನೋ ಬಿದ್ದ ಸದ್ದು. ಆಮೇಲೆ ಬೀದಿಯ ಅರಬ್ಬಿ. "ನೀನಾ? ನೀನೇನಾ? ಅಯ್ಯೋ, ನಿನ್ನ ಓಡಿಸಿಬಿಟ್ರು ಅಂತ ಅಂದ್ಕೊಂಡಿದ್ದೆ!"

"ಓಡ್ಸೋಕೆ ವರದಿ ಕೊಟ್ಟವನು ನೀನೇ ಅಲ್ವಾ? ನಾಚ್ಕೆ ಆಗಲ್ವಾ ಮಾತಾಡೋಕೆ?"

"ನಾನಾ?"

"ಬ್ರೂನೋ ಎಲ್ಲ ಹೇಳಿದ್ದಾನೆ ಅಂದ್ರು ಸೀ ಬಶೀರ್! ಪರದೆ ತುಂಬಾ ನಿನ್ನದೇ ಹೆಸ್ರು! 'ದಾಖಲಿಸಲಾಗಿದೆ' ಅಂತೆ!"

"ಲೇ ಹುಚ್ಚೀ..." ಅವನ ದನಿ ಒಡೆಯಿತು. "ನಿನ್ನ ಕರೆ ಬಗ್ಗೆ ವರದಿ ಬರಿ ಅಂದ್ರು. ಬರೆಯಲ್ಲ ಅಂದೆ. ಗುರುವಾರ ಮಧ್ಯಾಹ್ನವೇ ನನ್ನನ್ನ ಎಬ್ಬಿಸಿ ಇಲ್ಲಿ ಫೋನಿಗೆ ಕೂರ್ಸಿದ್ರು, ಸೆದ್ರಿಕ್ ಅಂತ ಮಾಡಿದ್ರು. ಮೇಲಿನ ಕುರ್ಚೀಲಿ ಬೇರೆ ಯಾರೋ ಕೂತಿದ್ದಾನೆ. ಈಗ ಅವನೇ ಬ್ರೂನೋ. ರೆಕಾರ್ಡಿಂಗ್ ಕೇಳಿ ವರದಿ ಬರೆದಿರೋನೂ ಅವನೇ ಇರ್ಬೇಕು."

ಹೆಸರು ಕುರ್ಚಿಯದೆಂದು ಓಲ್ಫಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬೇರೊಬ್ಬಳ ಲಿಪ್‌ಸ್ಟಿಕ್ ಒರೆಸಿಕೊಂಡು ಬದುಕುತ್ತಿರುವವಳು ಅವಳು. ಆದರೂ ಆ ದನಿಗೆ ಅಂಟಿದ ಹೆಸರು ಮಾತ್ರ ಅವನದೇ ಎಂದು ನಂಬಿಬಿಟ್ಟಿದ್ದಳು! ಹೆಸರು ಕಳೆದುಕೊಂಡವರು ಬೇರೆಯವರ ಹೆಸರನ್ನು ಎಷ್ಟು ಬೇಗ ನಂಬುತ್ತಾರೆ...

"ಮತ್ತೆ ಗುರುವಾರ ಯಾಕೆ ಬರ್ಲಿಲ್ಲ?"

"ಇಲ್ಲಿ ಬಿಡೋದು ನಿಮಗಿಂತ ಒಂದು ಗಂಟೆ ತಡ. ಓಡೋಡಿ ಬಂದೆ. ವ್ಯಾಲೆರಿ ಬಂದಿದ್ಲಾ ಅಂತ ಅಮ್ ತಿಜಾನಿನ ಕೇಳಿದ್ರೆ, 'ನನ್ನ ಗಾಡಿ ಹತ್ರ ದಿನಾ ಎಷ್ಟೋ ಹುಡುಗೀರು ಕಾದು ಹೋಗ್ತಾರೆ, ಎಲ್ಲ ವ್ಯಾಲೆರಿ, ಸಾಂದ್ರೀನ್, ಒಬ್ಬಳ ತಾಯೀನೂ ಆ ಹೆಸ್ರು ಇಟ್ಟಿಲ್ಲ' ಅಂದ. ಎರಡು ಸಂಜೆ ಅಲ್ಲೇ ನಿಂತಿದ್ದೆ. ಯಾರನ್ನ ಹುಡುಕೋದು? ಮುಖ ಗೊತ್ತಿಲ್ಲ, ಹೆಸ್ರು ಗೊತ್ತಿಲ್ಲ..."

ಓಲ್ಫಾ ಅಳುತ್ತಲೇ ನಕ್ಕಳು. ಸೀ ಬಶೀರ್ ಹಿಂದೆ ಬಂದು ನಿಂತು ಕಾಗದದ ಮೇಲೆ ಬೆರಳು ಕುಟ್ಟಿದ.

"ಅರಬ್ಬಿ ಯಾಕೆ ಮಾತಾಡ್ತಿದ್ದೀಯ? ಸಹಿ ಎಲ್ಲಿ?"

ಅವಳು ಅವನ ಮುಖ ನೋಡಿದಳು. ಕಾಗದ ನೋಡಿದಳು. ಆಮೇಲೆ ಮದಾಮ್ ವೆರ್ದಿಯೆಯನ್ನು ಸಂಗೀತದಿಂದ ಬಿಡಿಸಿ ಮೂವರನ್ನೂ ಒಂದೇ ಕರೆಯಲ್ಲಿ ಸೇರಿಸಿದಳು.

"ವ್ಯಾಲೆರಿ, ಸಿಕ್ಕಿದೆಯಾ! ಮತ್ತೆ ಕಪ್ಪಾಗಿದೆ. ಈ ಸಲ ಮೇಜಿನ ಕೆಳಗೆ ಹೋಗಲೇಬೇಕೇ?"

ಓಲ್ಫಾ ಎದ್ದು ನಿಂತಳು. ಇಡೀ ಸಾಲಿಗೆ ಕೇಳಿಸುವ ಹಾಗೆ ಹೇಳಿದಳು.

"ಬೇಡ ಮದಾಮ್. ತಪ್ಪು ನಮ್ಮದು. ಆವತ್ತೂ ನಮ್ಮದೇ, ಇವತ್ತೂ ನಮ್ಮದೇ. ಇನ್ನೊಂದು ವಿಷಯ. ನಾನು ವ್ಯಾಲೆರಿ ಅಲ್ಲ. ನನ್ನ ಹೆಸರು ಓಲ್ಫಾ. ಟ್ಯುನಿಸ್‌ನಿಂದ ಮಾತಾಡುತ್ತಿದ್ದೇನೆ."

"ವ್ಯಾಲೆರಿ ಅಲ್ಲವೆಂದು ಗೊತ್ತಿತ್ತು ಮಗು," ಎಂದಳು ಮದಾಮ್. "ನನ್ನ ಸೊಸೆಯ ಹೆಸರು ವ್ಯಾಲೆರಿ. ಅವಳು ನನ್ನೊಡನೆ ಇಷ್ಟು ಹೊತ್ತು ಎಂದೂ ಮಾತಾಡಿಲ್ಲ."

"ಮುಗೀತು! ನೀನು ಹೊರಗೆ!" ಸೀ ಬಶೀರ್ ಕಿರುಚಿದ.

"ತಪ್ಪು ನಮ್ಮದು ಮಸ್ಯೂ. ನಾನು ವಸೀಲಾ. ಪ್ಲಗ್ಗು ಮುಟ್ಟಬೇಡಿ." ಪಕ್ಕದ ಮೇಜಿನಿಂದ, ಅಲ್ಲಿನ ಗ್ರಾಹಕನಿಗೆ, ತಣ್ಣಗೆ ಬಂತು ಆ ಮಾತು.

ಅದರಾಚೆಯ ಮೇಜಿನಿಂದಲೂ ಬಂತು. ಅದರಾಚೆಯಿಂದಲೂ! ಸಾಲಿನಿಂದ ಸಾಲಿಗೆ ಹುಡುಗಿಯರು ತಂತಮ್ಮ ತಾಯಂದಿರು ಇಟ್ಟ ಹೆಸರುಗಳನ್ನು ಹೇಳಿಕೊಳ್ಳತೊಡಗಿದರು. ಕೆಲವರು ಹೇಳಲಿಲ್ಲ, ತಲೆ ತಗ್ಗಿಸಿ ಮೂರನೇ ಹಂತವನ್ನೇ ಒಪ್ಪಿಸಿದರು. ಅವರ ಮನೆಯ ಕಷ್ಟ ಅವರಿಗೆ. ಒಂದು ಕುರ್ಚಿಯನ್ನು ಖಾಲಿ ಮಾಡಿಸುವುದು ಸೀ ಬಶೀರನಿಗೆ ಗೊತ್ತಿತ್ತು. ಕರೆಗಳು ಉಕ್ಕುವ ಶನಿವಾರ ಒಂದಿಡೀ ಹಾಲನ್ನು ಖಾಲಿ ಮಾಡಿಸುವುದು ಗೊತ್ತಿರಲಿಲ್ಲ. ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ.

"ಸೋಮವಾರ ನೋಡ್ಕೋತೀನಿ."

"ಸೋಮವಾರ ಸಂಘದ ಜೊತೆ ಬರ್ತೀವಿ, ಚಹಾ ಇಟ್ಟಿರಿ," ಎಂದಳು ವಸೀಲಾ.

* * *

ಮೆಟ್ರೋ ನಿಲ್ದಾಣದ ಬಳಿ ಓಲ್ಫಾ ಅದೇ ಹಸಿರು ಅಂಗಿಯಲ್ಲಿ ಒಂದು ಗಂಟೆ ಕಾದಳು. ಈ ಸಲ ಕಾಯುವುದು ಭಾರವೆನಿಸಲಿಲ್ಲ. ಗಂಟೆ ಮುಗಿಯುವ ಹೊತ್ತಿಗೆ ಎರಡು ಬಿಸಿ ಫ್ರಿಕಾಸೆ ಕೊಂಡಳು.

ದಪ್ಪ ಕನ್ನಡಕದ, ಕೂದಲು ಕೆದರಿದ ಒಬ್ಬ ಓಡಿ ಬಂದು ನಿಂತ. ಅವಳು ಕಲ್ಪಿಸಿಕೊಂಡಿದ್ದಕ್ಕಿಂತ ಕುಳ್ಳ. ಬಾಯಿ ತೆರೆದ. ಮಾತೇ ಹೊರಡಲಿಲ್ಲ.

"ಕಿವೀಲಿ ಅಷ್ಟೊಂದು ಮಾತಾಡ್ತಿದ್ದೆ, ಈಗೇನಾಯ್ತು?"

"ಮುಖ ಇರುತ್ತೆ ಅಂತ ಗೊತ್ತಿರ್ಲಿಲ್ಲ..." ಅವನು ತೊದಲಿದ. "ನಾನು ಮೆಹ್ರೆಜ್. ದಿನವಿಡೀ ಎಷ್ಟೋ ಜನರ ಮಾತು ಕಿವಿಗೆ ಬೀಳ್ತಿತ್ತು. ನಾನು ಕಿವಿ ಕೊಟ್ಟಿದ್ದು ನಿನ್ನ ದನಿಗೆ ಮಾತ್ರ. ಸೋಮವಾರ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ನೀನು... ನೀನು ಇರ್ತೀಯಾ?"

ಓಲ್ಫಾ ಕೂದಲನ್ನು ಹಿಂದೆ ಸರಿಸಿ ಅವನ ಕಡೆಗೆ ಕಿವಿ ತಿರುಗಿಸಿದಳು.

"ಇಲ್ಲಿ ಹೇಳು. ನನ್ನ ಹೆಸ್ರು ಹೇಳು."

ಅವನು ಬಾಗಿದ.

"ಓಲ್ಫಾ."

"ಇನ್ನೊಂದ್ಸಲ."

"ಫ್ರಿಕಾಸೆ ತಣ್ಣಗಾಗ್ತಿದೆ, ಓಲ್ಫಾ."

"ಆಗ್ಲಿ, ಮೆಹ್ರೆಜ್."