ಹೇಳಿದಷ್ಟೇ ಮಾಡುವ ಮರದ ಗೊರವಂಕ

ಬಹಳ ಹಿಂದೆ, ಬೆಟ್ಟಗಳಿಗೂ ನಿದ್ದೆ ಬರುತ್ತಿದ್ದ ಕಾಲದಲ್ಲಿ, ತಂಬಿಗೆಪುರವೆಂಬ ಒಂದು ರಾಜ್ಯವಿತ್ತು. ಹೆಸರಿಗೆ ಮಾತ್ರ ತಂಬಿಗೆ. ಆ ನೆಲದಲ್ಲಿ ಒಂದು ಗುಟುಕು ನೀರು ಹುಟ್ಟುತ್ತಿರಲಿಲ್ಲ. ನೀರು ಬರುತ್ತಿದ್ದುದು ಏಳು ಬೆಟ್ಟದಾಚೆಯ ಗವಿಯಿಂದ. ಅಲ್ಲಿ ಗುಡುಗಪ್ಪನೆಂಬ ಕಲ್ಲಿನ ಭೂತ ದೊಡ್ಡ ರಾಟೆ ತಿರುಗಿಸಿ, ಪಾತಾಳದ ನೀರನ್ನು ಎತ್ತಿ ಕಾಲುವೆಗೆ ಬಿಡುತ್ತಿತ್ತು. ತಿರುಗಿಸುವಾಗ ತನ್ನ ಹೆಸರನ್ನೇ ತಾನು ಹಾಡಿಕೊಳ್ಳುವುದು ಅದರ ವಾಡಿಕೆ: "ಗುಡುಗಪ್ಪಾ, ಗುಡುಗಪ್ಪಾ." ಹಾಡು ನಿಂತರೆ ಭೂತ ಮಲಗಿತೆಂದು ಅರ್ಥ. ಭೂತ ಮಲಗಿದರೆ ತಂಬಿಗೆಪುರದ ಬಾಯಿ ಒಣಗಿತೆಂದು ಅರ್ಥ.

ಅದನ್ನು ಮಲಗಿಸುತ್ತಿದ್ದವನು ಜೋಂಪಾಸುರನೆಂಬ ಮಾಂತ್ರಿಕ. ಅವನಿಗೆ ಅನ್ನ ರುಚಿಸದು, ಮನುಷ್ಯರ ನೆನಪೇ ಅವನ ಊಟ. ಭೂತಕ್ಕೆ ಜೋಗುಳ ಹಾಡಿ ಮಲಗಿಸಿ, ಗವಿಯ ಸುತ್ತಲಿನ ಕಾಡಿನಲ್ಲಿ ಬಾಯಿ ತೆರೆದು ಕೂರುತ್ತಿದ್ದ. ನೀರು ನಿಂತ ಮೇಲೆ ಯಾರಾದರೂ ಎಬ್ಬಿಸಲು ಬರಲೇಬೇಕಲ್ಲ! ಬಂದವರು ಊರಿನ ದಾರಿಯನ್ನೇ ಮರೆತು ಅಲ್ಲೇ ಅಲೆಯುತ್ತಿದ್ದರು. ಭೂತವನ್ನು ಎಬ್ಬಿಸಿ ಮರಳಿ ಬರುತ್ತಿದ್ದವನು ಬೂಚಣ್ಣನೆಂಬವನೊಬ್ಬನೇ. ಅವನೂ ಪ್ರತಿಸಲ ಏನಾದರೊಂದು ಕಳೆದುಕೊಂಡೇ ಬರುತ್ತಿದ್ದ. ಒಮ್ಮೆ ಈಜು ಮರೆತ. ಒಮ್ಮೆ ತೀರಿಕೊಂಡ ತಾಯಿಯ ಮುಖ ಮರೆತ. ಕಳೆದ ಸಲ ಬಾಗಿಲಲ್ಲಿ ನಿಂತು, ಒಡಹುಟ್ಟಿದ ತಂಗಿ ಮಾಚಲೆಯನ್ನು ನೋಡಿ, "ಯಾರಮ್ಮಾ ನೀನು?" ಎಂದಿದ್ದ. ನೆನಪಾಗಲು ಬಹಳ ಹೊತ್ತು ಹಿಡಿಯಿತು.

ಅಂದಿನಿಂದ ಮಾಚಲೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಇನ್ನೊಂದು ಸಲ ಅಣ್ಣ ಆ ಕಾಡಿಗೆ ಹೋದರೆ ತಾನು ಅವನಿಗೆ ಯಾರೋ ಆಗಿಬಿಡುತ್ತೇನೆಂಬ ಭಯ. ಅವಳು ಬೊಂಬೆ ಕೆತ್ತುವವಳು. ಹಾಲೆಮರದಲ್ಲಿ ಒಂದು ಗೊರವಂಕ ಹಕ್ಕಿ ಕೆತ್ತಿದಳು. ಅದರ ರೆಕ್ಕೆಯ ಮೇಲೆ ಉಳಿಯಿಂದ ಏನು ಬರೆದರೂ ಹಕ್ಕಿ ಅಷ್ಟನ್ನೇ ಮಾಡುತ್ತಿತ್ತು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ. ಅಂಥ ಆಳು ಸಿಕ್ಕರೆ ಪುಣ್ಯವೆನ್ನುತ್ತೀರಿ. ಸಿಕ್ಕವರನ್ನು ಕೇಳಿ ನೋಡಿ.

ಒಂದು ಬೆಳಿಗ್ಗೆ ಕಾಲುವೆ ಬತ್ತಿತು. ದೊರೆ ಗುಜ್ಜಲರಾಯ ತಾನೇ ಮನೆ ಬಾಗಿಲಿಗೆ ಬಂದ. "ಬೂಚಣ್ಣ, ಹೊರಡಪ್ಪ."

"ಹೊತ್ತು ಮುಳುಗುವವರೆಗೆ ತಡೀರಿ, ಮಹಾಸ್ವಾಮಿ," ಎಂದು ಮಾಚಲೆ ಅಡ್ಡ ನಿಂತಳು. "ನನ್ನ ಹಕ್ಕಿ ಎಬ್ಬಿಸ್ತದೆ."

"ಎಬ್ಬಿಸದಿದ್ದರೆ?"

"ಆಗ ಅಣ್ಣ ಹೋಗ್ತಾನೆ."

ಅವಸರದಲ್ಲಿ ಬರೆದಳು: 'ಗವಿಗೆ ಹೋಗು. ಗುಡುಗಪ್ಪನ ತಲೆ ಕುಟ್ಟಿ ಎಬ್ಬಿಸು.' ಹಕ್ಕಿ ಹಾರಿತು. ಕಾಲುವೆಯಲ್ಲಿ ನೀರು ಬಂತು! ಜನ ಕೊಡ ತರಲು ಓಡಿದರು. ಕೊಡ ತರುವಷ್ಟರಲ್ಲಿ ನೀರು ನಿಂತೇಹೋಯಿತು. ಹಿಂದೆಯೇ ಆಕಾಶದಿಂದ ಹಕ್ಕಿ ಬಂದು ಅಂಗಳಕ್ಕೆ ದೊಪ್ಪನೆ ಬಿತ್ತು. ಕುಟ್ಟು ಎಂದು ಬರೆದಿದ್ದಳು, ನಿಲ್ಲಿಸು ಎಂದು ಬರೆದಿರಲಿಲ್ಲ. ಎದ್ದ ಮೇಲೂ ಟಕಟಕ ಕುಟ್ಟಿಸಿಕೊಂಡ ಭೂತ ಸಿಟ್ಟಿಗೆದ್ದು, ಹಕ್ಕಿಯನ್ನು ಬೀಸಿ ಎಸೆದು, ಮುನಿಸಿಕೊಂಡು ಮಲಗಿತ್ತು. ಜೋಂಪಾಸುರನ ಜೋಗುಳ ಮತ್ತೆ ಶುರುವಾಗಿತ್ತು.

ಮಾಚಲೆ ಹಳೆಯ ಬರಹ ಹೆರೆದು ಎರಡನೆಯ ಸಲ ಬರೆದಳು: 'ಹೋಗು. ಗುಡುಗಪ್ಪನ ಹೆಸರು ಹಿಡಿದು ಕೂಗು. ಗವಿಯಲ್ಲಿ ಆ ಹೆಸರು ಕೇಳಿಸಿದರೆ ಭೂತ ಎದ್ದು ಹಾಡುತ್ತಿದೆಯೆಂದು ತಿಳಿ, ಮುಟ್ಟದೆ ಮರಳಿ ಬಂದು ಹೇಳು. ಕೇಳಿಸದಿದ್ದರೆ ಕುಟ್ಟು.' ಹಕ್ಕಿ ಹೋಯಿತು, ಬಂತು. "ಎದ್ದಿದೆ," ಎಂದಿತು. ಕಾಲುವೆ ಒಣಗಿಯೇ ಇತ್ತು. ಮತ್ತೆ ಕಳಿಸಿದಳು. "ಎದ್ದಿದೆ."

"ಎದ್ದಿದ್ದರೆ ನೀರೆಲ್ಲಿ, ಮೂದೇವಿ?" ಹಕ್ಕಿ ಉತ್ತರ ಕೊಡಲಿಲ್ಲ. ಉತ್ತರ ಕೊಡೆಂದು ಬರೆದಿರಲಿಲ್ಲವಲ್ಲ.

ಹೊತ್ತು ಇಳಿಯುತ್ತಿತ್ತು. ಬೂಚಣ್ಣ ರುಮಾಲು ಸುತ್ತಿಕೊಂಡು ಬುತ್ತಿ ಕಟ್ಟಿಕೊಂಡ. "ಬಿಡು ತಂಗಿ. ಮರೆತು ಬಂದರೆ ನೀನೇ ನೆನಪು ಮಾಡಿಕೊಡುವಿಯಂತೆ."

"ನಿನ್ನ ತಂಗಿ ನಾನು ಅಂದರೆ ನೀನು ನಂಬಬೇಕಲ್ಲಣ್ಣಾ!"

ಅವನ ಮುಖ ನೋಡಲಾಗದೆ ಹಿತ್ತಲಿಗೆ ಓಡಿದಳು. ಅಲ್ಲಿ ಯಾವತ್ತೂ ನೀರು ಕಾಣದ ಹಾಳುಬಾವಿ. ಸಿಟ್ಟು ತಡೆಯಲಾರದೆ ಅದರೊಳಗೆ ಬಗ್ಗಿ, "ಗುಡುಗಪ್ಪಾ!" ಎಂದು ಕಿರುಚಿದಳು. "ಗುಡುಗಪ್ಪಾ!" ಎಂದಿತು ಬಾವಿ.

ಮಾಚಲೆ ಹಣೆ ಹಣೆ ಚಚ್ಚಿಕೊಂಡಳು. ಕೂಗಿದ್ದೂ ತಾನೇ, ಓಗೊಟ್ಟಿದ್ದೂ ತಾನೇ! ಹಕ್ಕಿ ಪಾಪ, ಗವಿಯಲ್ಲಿ ತನ್ನ ದನಿಯನ್ನೇ ಕೇಳಿಸಿಕೊಂಡು ಭೂತದ ಹಾಡೆಂದು ತಿಳಿದಿತ್ತು. ಮಲಗಿದವನ ಹೆಸರು ಎಷ್ಟು ಜೋರಾಗಿ ಕೂಗಿದರೇನು, ಕೂಗಿದವನ ಬಾಯಿ ಮುಚ್ಚಿದಾಗಲೇ ನಿಜ ತಿಳಿಯುವುದು.

ಅದನ್ನೂ ಹೆರೆದು ಮೂರನೆಯ ಸಲ ಬರೆದಳು: 'ಹೋಗು. ಬಾಯಿ ಮುಚ್ಚಿಕೊಂಡು ಕೇಳು. ಹಾಡು ಕೇಳಿಸಿದರೆ ಮುಟ್ಟಬೇಡ. ಕೇಳಿಸದಿದ್ದರೆ ಕುಟ್ಟು, ಹಾಡು ಹತ್ತಿದೊಡನೆ ನಿಲ್ಲಿಸು. ಸ್ವಲ್ಪ ತಾಳಿ ಮತ್ತೆ ಕೇಳು. ಹೀಗೇ ಮಾಡುತ್ತಿರು.'

ಸೂರ್ಯ ಬೆಟ್ಟಕ್ಕೆ ತಾಗಿದ. ಬೂಚಣ್ಣ ಊರಬಾಗಿಲು ದಾಟಿ ಒಂದು ಹೆಜ್ಜೆ ಇಟ್ಟ. ಆಗ ಕಾಲುವೆ ಗೊಳಗೊಳ ಎಂದಿತು. ಈ ಸಲ ಬಂದ ನೀರು ನಿಲ್ಲಲಿಲ್ಲ.

ಇನ್ನು ಜೋಂಪಾಸುರನ ಪಾಡು ಕೇಳಿ. ಅವನು ಮಲಗಿಸುವುದು, ಹಕ್ಕಿ ಎಬ್ಬಿಸುವುದು. ಕಾಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹಸಿವಿನಿಂದ ಹೊಟ್ಟೆ ಬೆನ್ನಿಗಂಟಿತು. ಹಕ್ಕಿಗೇ ಜೋಗುಳ ಹಾಡಿದ, ಮರಕ್ಕೆಂಥ ನಿದ್ದೆ? ಕೊನೆಗೆ ಬಾಯಿ ತೆರೆದು ಅದರ ನೆನಪನ್ನೇ ಹೀರಿದ. ಹಕ್ಕಿಗಿದ್ದ ನೆನಪೆಂದರೆ ರೆಕ್ಕೆಯ ಮೇಲಿನ ಆ ನಾಲ್ಕು ಸಾಲು. ಅವು ಅವನ ಹೊಟ್ಟೆಗಿಳಿದವು, ಗೊರವಂಕ ಬರೀ ಮರವಾಗಿ ಉರುಳಿತು.

ಆದರೆ ನೆನಪಾದರೆ ಹೊಟ್ಟೆಯಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು, ಇದು ಅಪ್ಪಣೆ! ಜೋಂಪಾಸುರನ ಬಾಯಿ ತಾನಾಗಿ ಮುಚ್ಚಿತು. ಕಾಲು ತಾನಾಗಿ ಗವಿಗೆ ನಡೆಯಿತು. ಭೂತ ಅವನ ಜೋಗುಳದಲ್ಲೇ ಗೊರಕೆ ಹೊಡೆಯುತ್ತಿತ್ತು. ಹಾಡಿಲ್ಲ, ಕುಟ್ಟಬೇಕು, ಕೊಕ್ಕಿಲ್ಲದವನು ಹಣೆಯಿಂದಲೇ ಕುಟ್ಟಿದ. ಆ ಪೆಟ್ಟಿಗೆ ತಿಂದ ನೆನಪುಗಳೆಲ್ಲ ಬಾಯಿಗೆ ಬಂದವು. ಬಾಯಿ ಮುಚ್ಚಿತ್ತಲ್ಲ, ಕಿವಿಯಿಂದ ಹೊರಬಿದ್ದು ಅರಳೆಯಂತೆ ಹಾರಿ ಅವರವರನ್ನು ಹುಡುಕಿಕೊಂಡು ಹೊರಟವು. ಕಾಡಿನಲ್ಲಿ ಅಲೆಯುತ್ತಿದ್ದವರು ತಮ್ಮ ತಮ್ಮ ಮನೆಯ ದಾರಿ ಹಿಡಿದರು. ಭೂತ ಎದ್ದು ಹಾಡಿತು, ಅಂದಿನಿಂದ ಅದನ್ನು ಎಬ್ಬಿಸುವ ಚಾಕರಿ ಜೋಂಪಾಸುರನದೇ ಆಯಿತು.

ಮಾಚಲೆ ಅಂಗಳದಲ್ಲಿ ಶತಪಥ ತಿರುಗುತ್ತಿದ್ದಳು. ಜಗುಲಿಯಲ್ಲಿ ಕೂತಿದ್ದ ಬೂಚಣ್ಣ ಇದ್ದಕ್ಕಿದ್ದಂತೆ ಎದ್ದು ನಿಂತು ಅವಳನ್ನು ದುರುಗುಟ್ಟಿ ನೋಡಿದ. ಮತ್ತೆ ಮರೆತನೇನೋ ಎಂದು ಅವಳು ನಿಂತಲ್ಲೇ ನಿಂತಳು.

"ಏ ಮಾಚಿ! ನನಗೆಂದು ಎತ್ತಿಟ್ಟ ಹಲಸಿನ ತೊಳೆ ತಿಂದು ಬೆಕ್ಕಿನ ಮೇಲೆ ಹೇಳಿದ್ದೆಯಲ್ಲ. ಬೆಕ್ಕು ಎಲ್ಲಾದರೂ ಹಲಸು ತಿನ್ನುತ್ತದೇನೇ, ಕಳ್ಳಿ?"

ಮಾಚಲೆ ನಕ್ಕಳು, ನಗುತ್ತಲೇ ಅತ್ತಳು. "ನಾನೇ ತಿಂದೆ ಅಣ್ಣಾ, ನಾನೇ!"

"ಅವ್ವನಿಗೆ ಗೊತ್ತಿತ್ತು ಕಣೇ," ಎಂದ ಬೂಚಣ್ಣ, ದನಿ ಇಳಿಸಿ. "ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಈಗ ಕಾಣುತ್ತಿದೆ ನನಗೆ, ಅವಳ ಮುಖ."

ತಂಬಿಗೆಪುರದವರು ತಂಬಿಗೆ ತುಂಬ ಕುಡಿದು ತಣ್ಣಗಿದ್ದರು. ಮಾಚಲೆ ಕೂತಲ್ಲಿ ಕೂರುವುದನ್ನು ಕಲಿತಳು. ಅಣ್ಣತಂಗಿ ಹಳೆಯ ಜಗಳಗಳನ್ನೆಲ್ಲ ಒಂದೊಂದಾಗಿ ಮತ್ತೆ ಆಡಿಕೊಂಡು ಬಹಳ ಕಾಲ ಸುಖವಾಗಿ ಬಾಳಿದರು.