ಇನ್ನೊಂದು ಗುರುವಾರ

“ಇವರೀಗ ಚೆನ್ನಾಗಿದ್ದಾರೆ. ಇನ್ನು ಬರುವ ಅಗತ್ಯವಿಲ್ಲ ಅಂತ ಹೇಳು,” ಎಂದು ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದರು. ಅಕ್ಷತ ಹರಿಪ್ರಸಾದನ ಕಡೆ ತಿರುಗಿ, “ಮುಂದಿನ ಗುರುವಾರಾನೂ ಬರ್ಬೇಕು ಕಣ್ರೀ,” ಎಂದುಬಿಟ್ಟಳು.

ಹೇಳಿದ ಮೇಲೆ ಡಾಕ್ಟರ ಕಡೆ ನೋಡಲಿಲ್ಲ.

ಅವನು ನಕ್ಕ. ನಗುವಾಗ ಅವನ ಎಡಗೆನ್ನೆ ಮೊದಲು ಅಲುಗುತ್ತಿತ್ತು. ಬಲಗೆನ್ನೆ ಸ್ವಲ್ಪ ಯೋಚಿಸಿ ಆಮೇಲೆ ಸೇರಿಕೊಳ್ಳುತ್ತಿತ್ತು. “ಹಂಗಾದ್ರೆ ನಾನಿನ್ನೂ ರಿಪೇರಿ ಆಗಿಲ್ಲ ಅನ್ನಿ.”

“ಗಾಡಿ ಹಳೇದು. ಟೈಮ್ ಹಿಡಿಯುತ್ತೆ.”

“ಮೆಕ್ಯಾನಿಕ್ಕು ಡಾಕ್ಟ್ರೋ, ನೀವೋ?”

“ಏನಂತೆ?” ಎಂದರು ಡಾಕ್ಟರ್. ‘ನನಗೆ ಇನ್ನೂ ಕೆಲವು ದಿನ ಬರಬೇಕು ಅನ್ನಿಸುತ್ತಿದೆ’ ಎಂದು, ಅವನದೇ ಮಾತೆಂಬಂತೆ, ಅಕ್ಷತ ಅವರಿಗೂ ಸುಳ್ಳು ಹೇಳಿದಳು. ಪುಣೆಯಿಂದ ಬಂದಿದ್ದ ಆ ಡಾಕ್ಟರಮ್ಮ ಅನುಕಂಪದಿಂದ ತಲೆಯಾಡಿಸಿದರು.

ಏರ್‌ಪೋರ್ಟ್ ಶುರುವಾದ ಹೊಸತು. ಅದಕ್ಕೆ ಜಮೀನು ಕೊಟ್ಟು, ಊರು ಬಿಟ್ಟು ಹೊಸ ಲೇಔಟಿಗೆ ಬಂದವರಿಗಾಗಿ ಒಂದು ಸಂಸ್ಥೆ ದೇವನಹಳ್ಳಿಯಲ್ಲಿ ಕೌನ್ಸೆಲಿಂಗ್ ಕೋಣೆ ತೆರೆದಿತ್ತು. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಇಬ್ಬರ ನಡುವೆ ಕೂತು ಮಾತು ದಾಟಿಸುವುದು ಹತ್ತಿರದ ಆವತಿ ಊರಿನ ಅಕ್ಷತಳ ಕೆಲಸ. ‘ಅವನು ಹೀಗೆಂದ’ ಅನ್ನಬಾರದು, ಅವನೇ ಆಗಿ ‘ನಾನು’ ಎಂದೇ ಹೇಳಬೇಕು ಎಂಬುದು ಅಲ್ಲಿಯ ನಿಯಮ.

ಹರಿಪ್ರಸಾದ್ ಏರ್‌ಪೋರ್ಟಿನಲ್ಲಿ ಲಗೇಜ್ ಎಳೆಯುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವನ ಮನೆಯವರ ಹುರುಳಿ ಹೊಲ ಇದ್ದದ್ದು ಅದೇ ನೆಲದಲ್ಲಿ. “ಎಲ್ಲಾ ಒಂದೇ ಸಮ ಕಾಂಕ್ರೀಟು. ನಮ್ ಬಾವಿ ಯಾವ ಕಡೆ ಇತ್ತು ಅಂತ್ಲೇ ಗೊತ್ತಾಗಲ್ಲ. ಆಗ ಉಸಿರು ಕಟ್ಟತ್ತೆ,” ಎಂದಿದ್ದ ಮೊದಲ ದಿನ. ನನ್ನ ಬಾವಿ ನನಗೆ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಅಕ್ಷತ ತನ್ನದೇ ಬಾವಿ ಕಳೆದುಕೊಂಡವಳಂತೆ ಸುತ್ತ ನೋಡಿದ್ದಳು. ಅವನ ದುಃಖವನ್ನು ವಾರವಾರವೂ ‘ನಾನು, ನಾನು’ ಎಂದು ಹೇಳುತ್ತಾ, ಅವನು ಎಲ್ಲಿ ಮುಗಿದು ತಾನು ಎಲ್ಲಿ ಶುರುವಾಗುತ್ತೇನೆಂಬುದು ಅವಳಿಗೆ ತಿಳಿಯದೇ ಹೋಯಿತು.

ಒಂದು ಸುಳ್ಳು ಇನ್ನೊಂದು ಗುರುವಾರ ತಂದಿತು. ಆ ಗುರುವಾರ ಮತ್ತೊಂದು ಸುಳ್ಳು ಕೇಳಿತು. ಬೇರೆ ದಿನಗಳಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಗುರುವಾರ ಬಂತೆಂದರೆ ನಾಚಿಕೆಯಿಲ್ಲದೆ ಮಲ್ಲಿಗೆ ಮುಡಿಯುತ್ತಿದ್ದಳು.

ಬಿಸಿಲು ಕೆಂಡವಾಗಿದ್ದ ಒಂದು ಗುರುವಾರ ಅವನ ಜೊತೆ ಅವನ ತಾಯಿ ನರಸಮ್ಮನೂ ಬಂದಳು. ಕೋಣೆಯೊಳಗೆ ಬಂದವಳು ಕಾಲಿನ ಅಂಚಿನ ಮೇಲೆ ನಡೆಯುತ್ತಿದ್ದಳು. ಹಿಮ್ಮಡಿ ಸೀಳಿತ್ತು, ಅಂಗಾಲಿನಲ್ಲಿ ಬೊಬ್ಬೆ.

“ಕಾಲಿಗೇನಾಯ್ತಮ್ಮ?” ಎಂದಳು ಅಕ್ಷತ.

“ಹರಕೆ ಕಣ್ ತಾಯಿ. ಡಾಕ್ಟ್ರು ಇವನನ್ನ ವಾಸಿಯಾಯ್ತು ಅಂತ ಬಿಡೋ ತಂಕ ಚಪ್ಪಲಿ ಮೆಟ್ಟಲ್ಲ ಅಂತ. ಆ ಲೇಔಟಲ್ಲಿ ಬರೀ ಜಲ್ಲಿ. ಯಾವಾಗ ಬಿಡ್ತಾರೆ, ಒಂದ್ಮಾತು ಕೇಳು.”

ಅಕ್ಷತ ಕೇಳಿದಳು. ಡಾಕ್ಟರ್ ಹುಬ್ಬೇರಿಸಿ ಉತ್ತರಿಸಿದರು. ಹರಿಪ್ರಸಾದ್ ಎಂದಿನಂತೆ ಅವಳ ಮುಖವನ್ನೇ ನೋಡುತ್ತಾ ಕಾಯುತ್ತಿದ್ದ. ಇನ್ನೂ ಒಂದು ಸುಳ್ಳು ಹೇಳಿದರೆ ಆ ಕಣ್ಣು ಅವಳದ್ದೇ. ಅವಳು ನೆಲ ನೋಡಿದಳು. ನೆಲದ ಮೇಲೆ ಆ ಕಾಲುಗಳು.

“‘ಇವರು ಚೆನ್ನಾಗಿದ್ದಾರೆ ಅಂತ ನಾನು ಯುಗಾದಿಗೆ ಮುಂಚೇನೇ ಹೇಳಿದ್ದೆ. ಬರ್ತೀನಿ ಅಂದೋರು ಇವ್ರೇ.’ ಇದು ಡಾಕ್ಟ್ರ ಮಾತು.” ಅಕ್ಷತ ಈಗ ಕಣ್ಣೆತ್ತಿದಳು. “ಇವ್ರು ಹಂಗಂದಿರ್ಲಿಲ್ಲ. ನಾನೇ ಆ ಕಡೆಗೊಂದು, ಈ ಕಡೆಗೊಂದು ಹೇಳ್ದೆ.” ಅದನ್ನೇ ಡಾಕ್ಟರಿಗೂ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾಕಮ್ಮ?” ಎಂದಳು ನರಸಮ್ಮ. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. “ನಾವು ನಿಂಗೇನ್ ಮಾಡಿದ್ವಿ?”

“ಬರಲ್ಲ ಅಂದ್ರೆ ಇವ್ರನ್ನ ಇನ್ನೆಲ್ಲಿ ನೋಡ್ಲಿ ಅನ್ನಿಸ್ತು.”

ಹರಿಪ್ರಸಾದ್ ಬೆರಳು ಹಿಸುಕಿಕೊಳ್ಳುತ್ತಿದ್ದ. ಅವನು ಎದ್ದು ಹೋಗುತ್ತಾನೆ ಎಂದುಕೊಂಡಳು ಅಕ್ಷತ.

“ಅಮ್ಮ, ತಪ್ಪು ಇವ್ರೊಬ್ರದ್ದೇ ಅಲ್ಲ,” ಎಂದ. “ನಂಗೆ ಉಸಿರು ಕಟ್ಟೋದು ನಿಂತು ಬಹಳ ದಿನ ಆಯ್ತು.”

“ಮತ್ತೆ ವಾರವಾರ ಏನಕ್ ಬತ್ತಿದ್ದೆ?”

“ಬರ್ಬೇಕು ಅಂತ ಇವ್ರು ಹೇಳ್ತಿದ್ರಲ್ಲ. ಹಂಗೆ ಹೇಳ್ಲಿ ಅಂತ್ಲೇ ಬರ್ತಿದ್ದೆ.”

“ನನ್ ಕಾಲು ನೋಡ್ಕಂಡೂ?”

ಅವನು ತಲೆ ತಗ್ಗಿಸಿದ. ಅಕ್ಷತಳಿಗೆ ಎದೆಯಲ್ಲಿ ಏನೋ ಹಾರಿದಂತಾಯಿತು. ಹಾರಿದ್ದಕ್ಕೇ ಮತ್ತಷ್ಟು ಪಾಪಪ್ರಜ್ಞೆ. ತಾನು ಬಯಸಿದ್ದ ಮಾತು ಸಿಕ್ಕಿತ್ತು. ಅದರ ನೋವು ತಿಂದವಳು ಎದುರಿಗೇ ಕೂತಿದ್ದಳು.

ನರಸಮ್ಮ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. “ಘಾಟಿ ಸುಬ್ಬಪ್ಪನಿಗೆ ಹರಕೆ ಒಪ್ಪಿಸ್ಬೇಕು,” ಎಂದಳು. “ಭಾನುವಾರ ನಾನು ಬಸ್ಸಲ್ಲಿ ಹೋಗ್ತೀನಿ. ನೀವಿಬ್ರೂ ದೊಡ್ಡಬಳ್ಳಾಪುರದಿಂದ ನಡ್ಕಂಡ್ ಬನ್ನಿ. ಬರಿಗಾಲಲ್ಲಿ. ಗುಡಿ ಬಾಗಿಲಲ್ಲಿ ಇಬ್ರ ಕಾಲೂ ನೋಡ್ತೀನಿ. ಆಮೇಲೆ ಮಿಕ್ಕಿದ್ದು ಮಾತಾಡನ.”

“ಏನಂದರು?” ಎಂದು ಡಾಕ್ಟರ್ ಕೇಳಿದರು.

ಅಕ್ಷತ ನೆಟ್ಟಗೆ ಕೂತಳು. ನಿಯಮದಂತೆ ನರಸಮ್ಮನೇ ಆಗಿ ‘ನಾನು’ ಎಂದು ಶುರುಮಾಡಿ, ಬಸ್ಸನ್ನೂ ಬರಿಗಾಲನ್ನೂ ಒಂದು ಪದ ಬಿಡದೆ ಹೇಳಿದಳು. ‘ನೀವಿಬ್ಬರೂ’ ಎಂಬಲ್ಲಿ ಮಾತ್ರ ಸ್ವಲ್ಪ ನಿಂತು, ಕಣ್ಣೊರೆಸಿಕೊಂಡು, ಮುಂದುವರಿಸಿದಳು.